ಸಂಸಾರಿಗಳ ಕಾರು: ಎಣ್ಣೆ ಬದಲಾಯಿತು, ಗುರುತು ಏಕೆ ಹೋಗಲಿಲ್ಲ?

ಹೊಸ ಕಾರು ಮನೆಯ ಬಾಗಿಲಿಗೆ ಬಂದ ದಿನ ಸಂಭ್ರಮಕ್ಕೆ ಕೊರತೆಯಿರುವುದಿಲ್ಲ. ಆರತಿಯಾಗುತ್ತದೆ, ಕುಂಕುಮದ ಬೊಟ್ಟು ಬೀಳುತ್ತದೆ, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳು ಅಪ್ಪಚ್ಚಿಯಾಗುತ್ತವೆ. ಕಾರಿನೊಡನೆ ಬಂದ ಕೈಪಿಡಿಗೆ ಮಾತ್ರ ಯಾವ ಪೂಜೆಯೂ ಇಲ್ಲ. ಅದು ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ, ವಿಮೆಯ ಕಾಗದಗಳ ಅಡಿಯಲ್ಲಿ ಮಲಗಿ ವರ್ಷಗಟ್ಟಲೆ ನಿದ್ರಿಸುತ್ತದೆ. ಅದನ್ನು ಎಬ್ಬಿಸಬೇಕಾದ ದಿನವೊಂದು ಬಂದೇ ಬರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಮೊದಲಾದ ಊರುಗಳ ಸಂಸಾರಗಳಲ್ಲಿ ಆ ದಿನ ಬರುವ ಬಗೆ ಹೆಚ್ಚು ಕಡಿಮೆ ಒಂದೇ. ಕಾರು ಹೊಸದಾಗಿರುವಾಗ ಅದನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೆಂದು ಮೈಸೂರಿಗೆ ಒಯ್ಯುವುದುಂಟು. ವಾರಂಟಿ ಮುಗಿದ ಮೇಲೆ ಒಂದು ದಿನದ ರಜೆ, ಹೋಗಿಬರುವ ಪೆಟ್ರೋಲು, ಕಾಯುವ ಬೇಸರ ಇವನ್ನೆಲ್ಲ ಲೆಕ್ಕ ಹಾಕಿ, ಊರಿನ ಗ್ಯಾರೇಜೇ ಸಾಕೆಂದು ತೀರ್ಮಾನವಾಗುತ್ತದೆ. ಪರಿಚಯದ ಮೆಕ್ಯಾನಿಕ್ ಒಂದು ಗಂಟೆಯಲ್ಲಿ ಹಳೆಯ ಎಣ್ಣೆ ಇಳಿಸಿ ಹೊಸದನ್ನು ತುಂಬಿ ಕಳುಹಿಸುತ್ತಾನೆ. ಮಾರನೆಯ ದಿನ ಬೆಳಗ್ಗೆ ಶಾಲೆಗೆ ತಾವೇ ಕಾರು ನಡೆಸಿಕೊಂಡು ಹೋಗುವ ಉಪಾಧ್ಯಾಯಿನಿ ಕೀಲಿ ತಿರುಗಿಸಿದರೆ, ಮೀಟರಿನಲ್ಲಿ ಅದೇ ಸ್ಪ್ಯಾನರಿನ ಗುರುತು, ಅದೇ "ಸರ್ವಿಸ್ ಮಾಡಿಸಿ" ಎಂಬ ಬರಹ!

"ಇದೇನ್ರೀ, ನಿನ್ನೆ ತಾನೇ ಎಣ್ಣೆ ಹಾಕಿಸಿಕೊಂಡು ಬಂದಿರಲ್ಲ, ಇದು ಇನ್ನೂ ಹೋಗಿಲ್ಲವಲ್ಲ?"

"ಹಾಗಾದರೆ ಆ ಹುಡುಗ ಎಣ್ಣೆಯನ್ನೇ ಬದಲಾಯಿಸಲಿಲ್ಲವೋ ಏನೋ!"

ಹತ್ತು ವರ್ಷದ ವಿಶ್ವಾಸಕ್ಕೆ ಬಿರುಕು ಬೀಳಲು ಇಷ್ಟು ಸಾಕು. ಆದರೆ ಈ ಅನುಮಾನಕ್ಕೆ ಆಧಾರವಿಲ್ಲ. ಗುರುತು ಉಳಿದಿರುವುದು ಮೋಸಕ್ಕೆ ಸಾಕ್ಷಿಯಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತುಂಟು: ಗುರುತು ಹೋಗಿರುವುದು ಕೆಲಸವಾಯಿತೆಂಬುದಕ್ಕೂ ಸಾಕ್ಷಿಯಲ್ಲ. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಗೃಹಸ್ಥನಿಗೆ ಕಾರಿನ ವಿಷಯದಲ್ಲಿ ಅರ್ಧ ಚಿಂತೆ ಕಡಿಮೆಯಾದಂತೆಯೇ ಸರಿ.

ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಇಂಥ ಗುರುತು ಇರಲಿಲ್ಲ. ಮುಂದಿನ ಸಲ ಎಷ್ಟು ಮೈಲಿಗೆ ಎಣ್ಣೆ ಬದಲಾಯಿಸಬೇಕೆಂದು ಗ್ಯಾರೇಜಿನವರು ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು. ಚೀಟಿ ಬಿದ್ದುಹೋದರೆ ಯಜಮಾನರ ನೆನಪೇ ಗತಿ. 1980ರ ದಶಕದ ಆರಂಭದಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿ ತನ್ನ ಕಾರುಗಳಲ್ಲಿ ಪುಟ್ಟ ದೀಪಗಳ ಸಾಲೊಂದನ್ನು ಇಟ್ಟಿತು. ಕಾರು ಓಡಿದಂತೆಲ್ಲ ಹಸಿರು ದೀಪಗಳು ಒಂದೊಂದಾಗಿ ಕಡಿಮೆಯಾಗುವುವು. ಎಲ್ಲವೂ ಮುಗಿದ ಮೇಲೆ ಹಳದಿ, ಆಮೇಲೆ ಕೆಂಪು ದೀಪ ಹೊತ್ತಿಕೊಳ್ಳುವುದು. ಎಣ್ಣೆ ಬದಲಾದ ಮೇಲೆ ಆ ಸಾಲನ್ನು ಮೊದಲಿನಂತೆ ಮಾಡಲು ಬೇರೆಯದೇ ಆದ ಒಂದು ಉಪಕರಣ ಬೇಕಾಗಿತ್ತು. ಅದೇ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಲ್ಲಿ ತಿರುಗಿತು ಎಂಬುದನ್ನು ಎಣಿಸಿ, ಎಣ್ಣೆಯ ಆಯುಸ್ಸನ್ನು ಅಂದಾಜು ಮಾಡುವ ಏರ್ಪಾಡನ್ನು ತಂದಿತು.

ಈಗಿನ ಸಾಮಾನ್ಯ ಕಾರುಗಳಲ್ಲಿರುವುದು ಈ ಎರಡು ಬಗೆಗಳಲ್ಲಿ ಯಾವುದಾದರೊಂದು: ಕಿಲೋಮೀಟರುಗಳನ್ನೂ ದಿನಗಳನ್ನೂ ಎಣಿಸುವ ಗುಮಾಸ್ತ, ಇಲ್ಲವೇ ಸುತ್ತುಗಳನ್ನೂ ಬಿಸಿಯನ್ನೂ ಕೂಡಿಸಿ ಅಂದಾಜು ಹಾಕುವ ಗುಮಾಸ್ತ. ಬೆಲೆಬಾಳುವ ಕೆಲವು ಕಾರುಗಳಲ್ಲಿ ಎಣ್ಣೆಯ ಮಟ್ಟವನ್ನೋ ಗುಣವನ್ನೋ ಅಳೆಯುವ ಸಾಧನಗಳುಂಟು. ಉಳಿದವುಗಳಲ್ಲಿ ಎಣ್ಣೆ ಹೊಸದೋ ಹಳೆಯದೋ ಎಂಬುದು ಕಾರಿಗೆ ತಿಳಿಯುವುದಿಲ್ಲ. ತಿಳಿಸಬೇಕಾದವನು ಮನುಷ್ಯ. ಹಾಗೆ ತಿಳಿಸುವುದಕ್ಕೇ "ರೀಸೆಟ್" ಎಂದು ಹೆಸರು. ಊರಿನ ಮೆಕ್ಯಾನಿಕ್ ಎಣ್ಣೆ ಬದಲಾಯಿಸಿಯೂ ಈ ಕೆಲಸವನ್ನು ಮರೆತಿರಬಹುದು. ಆ ಮಾದರಿಯ ಕಾರಿನ ಕ್ರಮ ಅವನಿಗೆ ಗೊತ್ತಿಲ್ಲದೆಯೂ ಇರಬಹುದು. ಇದರಿಂದ ಎಂಜಿನ್ನಿಗೆ ಯಾವ ಹಾನಿಯೂ ಇಲ್ಲ. ಇದಕ್ಕೆ ವಿರುದ್ಧವಾಗಿ, ಎಣ್ಣೆ ಬದಲಾಯಿಸದೆ ಗುರುತನ್ನು ಮಾತ್ರ ಅಳಿಸಿಬಿಟ್ಟರೆ, ಕಾರು ಅದನ್ನೇ ನಂಬಿ ಇನ್ನೊಂದು ವರ್ಷ ಸುಮ್ಮನಿರುತ್ತದೆ. ಆ ವರ್ಷದ ಸವೆತವನ್ನು ಅನುಭವಿಸುವವು ಎಂಜಿನ್ನಿನೊಳಗಿನ ಬೇರಿಂಗುಗಳು.

ರೀಸೆಟ್ ಮಾಡುವ ಮೊದಲು ಇನ್ನೊಂದು ದೀಪದ ಪರಿಚಯ ಮಾಡಿಕೊಳ್ಳುವುದು ಅವಶ್ಯಕ. ಸ್ಪ್ಯಾನರಿನ ಗುರುತು ಕೇವಲ ಜ್ಞಾಪಕ ಪತ್ರ. ಅದು ಕಾಣಿಸಿದ ದಿನವೇ ಎಲ್ಲ ಕೆಲಸ ಬಿಟ್ಟು ಓಡಬೇಕಾಗಿಲ್ಲ. ತೊಟ್ಟಿಕ್ಕುತ್ತಿರುವ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪದ ಮಾತು ಬೇರೆ. ಅದು ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಬಿದ್ದುಹೋಯಿತೆಂಬ ಕೂಗು. ಕೀಲಿ ತಿರುಗಿಸಿದಾಗ ಹೊತ್ತಿ, ಎಂಜಿನ್ ಹತ್ತಿದ ಕ್ಷಣದಲ್ಲಿ ಆರಿದರೆ ಅದು ಸಹಜ. ಓಡುತ್ತಿರುವಾಗ ಹೊತ್ತಿದರೆ ಕಾರನ್ನು ಪಕ್ಕಕ್ಕೆ ತಂದು ಎಂಜಿನ್ ನಿಲ್ಲಿಸಿಬಿಡಬೇಕು. "ಮುಂದಿನ ಊರಿನವರೆಗೆ ಹೇಗೋ ಹೋಗೋಣ" ಎಂದು ಕೆಲವೇ ಕಿಲೋಮೀಟರು ಓಡಿಸಿದರೂ ಎಂಜಿನ್ ಹಿಡಿದುಕೊಂಡು ಬಿಡಬಹುದು. ಅದರ ವೆಚ್ಚದ ಮುಂದೆ ಟೋಯಿಂಗಿನವನ ಬಾಡಿಗೆ ಏನೇನೂ ಅಲ್ಲ.

ಕೋಟೆಯಿಂದ ಬಾವಲಿಯ ಕಡೆಗೂ, ಹುಣಸೂರಿನಿಂದ ನಾಗರಹೊಳೆಯ ಮೂಲಕ ಕುಟ್ಟದ ಕಡೆಗೂ ಹೋಗುವ ರಸ್ತೆಗಳು ಕಾಡಿನೊಳಗೆ ಹಾಯುತ್ತವೆ. ರಾತ್ರಿ ಅಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. ಅಂಥ ಕಡೆ ಕೆಂಪು ದೀಪ ಹೊತ್ತಿದರೆ ಎಂಜಿನ್ ನಿಲ್ಲಿಸಿ, ಎಚ್ಚರಿಕೆಯ ದೀಪಗಳನ್ನು ಮಿಣುಕಿಸುತ್ತ, ಗಾಜು ಏರಿಸಿಕೊಂಡು ಕಾರಿನೊಳಗೇ ಕುಳಿತಿದ್ದು, ಬರುವ ಹೋಗುವ ವಾಹನದವರ ಮೂಲಕ ಚೆಕ್‌ಪೋಸ್ಟಿಗೆ ಸುದ್ದಿ ಕಳುಹಿಸುವುದು ಲೇಸು. ಬಾನೆಟ್ ಎತ್ತಿ ನೋಡುವ ಉತ್ಸಾಹಕ್ಕೆ ಅದು ತಕ್ಕ ಸ್ಥಳವಲ್ಲ. ಹೊರಡುವ ಮುನ್ನ ಮನೆಯ ಅಂಗಳದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದ್ದರೆ, ಎಣ್ಣೆ ಕಡಿಮೆಯಾಗಿ ಬರುವ ಈ ಪ್ರಸಂಗವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇನ್ನು ಕೆಲಸದ ಕ್ರಮ. ಎಣ್ಣೆ ಬದಲಾಯಿಸುವುದು ಮೆಕ್ಯಾನಿಕ್ಕನ ಕೆಲಸವೇ ಆದರೂ, ಪಕ್ಕದಲ್ಲಿ ನಿಂತು ನೋಡುವ ಹಕ್ಕು ಹಣ ಕೊಡುವವರಿಗೆ ಇದ್ದೇ ಇದೆ. ಕಾರು ಸಮತಟ್ಟಾದ ನೆಲದ ಮೇಲಿರಬೇಕು. ಎಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಹಳೆಯ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ತೀರ ಬಿಸಿಯಿದ್ದರೆ ಕೈ ಸುಡುತ್ತದೆ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಎಣ್ಣೆ ಪೂರ್ತಿ ಇಳಿದ ಮೇಲೆ, ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿಯಬೇಕು. ಎಣ್ಣೆಯ ಜೊತೆಗೆ ಫಿಲ್ಟರನ್ನೂ ಬದಲಾಯಿಸುವುದು ವಾಡಿಕೆ. ಹಳೆಯ ಫಿಲ್ಟರಿನೊಳಗೆ ಉಳಿದ ಕಪ್ಪು ಎಣ್ಣೆಯನ್ನು ಹೊಸದರೊಡನೆ ಬೆರೆಸುವುದರಲ್ಲಿ ಯಾವ ಉಳಿತಾಯವೂ ಇಲ್ಲ.

ಎಣ್ಣೆಯ ದರ್ಜೆ ಯಾವುದೆಂಬುದನ್ನು ಕೈಪಿಡಿಯೇ ಹೇಳುತ್ತದೆ. ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದೋ 0ಡಬ್ಲ್ಯೂ-20 ಎಂದೋ ಬರೆದಿರುತ್ತದೆ. ಡಬ್ಲ್ಯೂ ಎಂದರೆ ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ತಣ್ಣಗಿರುವಾಗಿನ ಹರಿವನ್ನೂ, ಮುಂದಿನ ಅಂಕಿ ಬಿಸಿಯಾದಾಗಿನ ಮಂದತೆಯನ್ನೂ ಸೂಚಿಸುತ್ತದೆ. "ಮಂದವಾದ ಎಣ್ಣೆಯೇ ಗಟ್ಟಿ" ಎಂಬ ಹಳೆಯ ನಂಬಿಕೆ ಇಂದಿನ ಎಂಜಿನ್‌ಗಳಿಗೆ ಸಲ್ಲದು. ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 4 ಲೀಟರು ಹಿಡಿಯುತ್ತದೆ. ತುಂಬಿದ ಮೇಲೆ ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ, ಕೆಂಪು ದೀಪ ಆರಿತೇ, ಬೋಲ್ಟು ಮತ್ತು ಫಿಲ್ಟರಿನ ಬಳಿ ಸೋರುತ್ತಿಲ್ಲವೇ ಎಂದು ನೋಡಬೇಕು. ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿದರೆ, ಎಣ್ಣೆ ಎರಡು ಗೆರೆಗಳ ನಡುವೆ ನಿಂತಿರಬೇಕು. ಮೇಲಿನ ಗೆರೆಯನ್ನು ದಾಟಿದ ಎಣ್ಣೆ ಉಪಕಾರವಲ್ಲ, ಉಪದ್ರವ.

ಇಷ್ಟೂ ಆದ ಮೇಲೆ ರೀಸೆಟ್. ಇದರಲ್ಲಿ ಮೂರು ಬಗೆಗಳುಂಟು.

ಮೊದಲನೆಯದು ಗುಂಡಿಯ ಬಗೆ. ಮೀಟರಿನಿಂದ ಹೊರಚಾಚಿದ ಟ್ರಿಪ್ ಗುಂಡಿಯನ್ನು ಒತ್ತಿ ಹಿಡಿದುಕೊಂಡು, ಎಂಜಿನ್ ಹತ್ತಿಸದೆ ಕೀಲಿಯನ್ನು "ಆನ್" ಎಂಬಲ್ಲಿಯವರೆಗೆ ಮಾತ್ರ ತಿರುಗಿಸುವುದು. ಕೆಲವು ಸೆಕೆಂಡುಗಳಲ್ಲಿ ಗುರುತು ಮಿಣುಕಿ ಆರುತ್ತದೆ, ಅಥವಾ ಅಂಕಿಗಳು ಮೊದಲಿನ ಸ್ಥಿತಿಗೆ ಬರುತ್ತವೆ. ಕೆಲವು ಕಾರುಗಳಲ್ಲಿ ಮೊದಲು ಕೀಲಿ, ಆಮೇಲೆ ಗುಂಡಿ. ಕೀಲಿಯ ಬದಲು ಸ್ಟಾರ್ಟ್ ಬಟನ್ ಇರುವ ಬಹಳಷ್ಟು ಕಾರುಗಳಲ್ಲಿ ಬ್ರೇಕನ್ನೂ ಕ್ಲಚ್ಚನ್ನೂ ತುಳಿಯದೆ ಬಟನ್ನನ್ನು ಎರಡು ಸಲ ಒತ್ತಿದರೆ "ಆನ್" ಸ್ಥಿತಿ ಬರುತ್ತದೆ.

ಎರಡನೆಯದು ಪಟ್ಟಿಯ ಬಗೆ. ಸ್ಟೀರಿಂಗಿನ ಮೇಲಿನ ಬಟನ್‌ಗಳಿಂದಲೋ ನಡುವಿನ ಪರದೆಯಿಂದಲೋ ಸೆಟ್ಟಿಂಗ್ಸ್ ತೆರೆದು, ಸರ್ವಿಸ್ ಅಥವಾ ಮೈಂಟೆನೆನ್ಸ್ ಎಂಬ ಸಾಲನ್ನು ಹುಡುಕಿ, ರೀಸೆಟ್ ಆರಿಸಿ, ಓಕೆ ಬಟನ್ನನ್ನು ಒತ್ತಿ ಹಿಡಿಯುವುದು. ಕಾರು ನಿಂತಿರುವಾಗಲೇ ಇದನ್ನು ಮಾಡಬೇಕು. ಇಂಥ ಕೆಲವು ಕಾರುಗಳಲ್ಲಿ ಮುಂದಿನ ಸರ್ವಿಸಿನ ಅಂತರವನ್ನು ಮಾಲೀಕರೇ ಗೊತ್ತುಪಡಿಸಬಹುದು.

ಮೂರನೆಯದು ಸ್ಕ್ಯಾನರಿನ ಬಗೆ. ಸ್ಟೀರಿಂಗಿನ ಕೆಳಭಾಗದಲ್ಲಿ ಹದಿನಾರು ತೂತುಗಳ ಒಂದು ಸಾಕೆಟ್ ಇರುತ್ತದೆ. ಗ್ಯಾರೇಜಿನವರು ತಮ್ಮ ಯಂತ್ರವನ್ನು ಅದಕ್ಕೆ ಸಿಕ್ಕಿಸಿ ಆದೇಶ ಕೊಡುತ್ತಾರೆ. ಕೆಲವು ಡೀಸೆಲ್ ಕಾರುಗಳಿಗೆ ಈ ಮಾರ್ಗವೇ ಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ತಡೆದು ಸುಡುವ ಫಿಲ್ಟರ್ ಉಂಟು. ಬಹಳ ಕಾರುಗಳಲ್ಲಿ ಮಸಿ ಸುಡಲೆಂದು ಬಿಟ್ಟ ಹೆಚ್ಚಿನ ಡೀಸೆಲಿನಲ್ಲಿ ಸ್ವಲ್ಪ ಭಾಗ ಎಂಜಿನ್ ಎಣ್ಣೆಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಎಣ್ಣೆ ಎಷ್ಟು ತೆಳ್ಳಗಾಯಿತೆಂಬ ಅಂದಾಜನ್ನು ಕೆಲವು ಕಾರುಗಳು ಇಟ್ಟುಕೊಂಡಿರುವುದರಿಂದ, ಅಂಥವಕ್ಕೆ ಹೊಸ ಎಣ್ಣೆಯ ಸುದ್ದಿಯನ್ನು ಸರಿಯಾಗಿ ಮುಟ್ಟಿಸಲೇಬೇಕು.

ಯಾವ ಕಾರಿಗೆ ಯಾವ ಬಗೆ, ಎಷ್ಟು ಸೆಕೆಂಡು ಎಂಬುದು ಕೈಪಿಡಿಯಲ್ಲೇ ಇರುತ್ತದೆ. ಆ ಪುಸ್ತಕದ ನಿದ್ರೆ ಕೆಡಬೇಕಾದುದು ಇಲ್ಲಿ. ಟ್ರಿಪ್ ಮೀಟರನ್ನು ಸೊನ್ನೆಗೆ ತಂದರೆ ಸರ್ವಿಸ್ ಗುರುತು ಹೋಗದು. ಎರಡೂ ಬೇರೆ ಲೆಕ್ಕಗಳು. ಬ್ಯಾಟರಿಯ ತಂತಿ ಕಳಚಿ ನೋಡುವುದೂ ವ್ಯರ್ಥ. ಗಡಿಯಾರ ಕೆಡಬಹುದೇ ಹೊರತು ಲೆಕ್ಕ ಅಳಿಯದು. ಎಂಜಿನ್ನಿನ ಆಕಾರದ ಹಳದಿ ದೀಪವಂತೂ ಸರ್ವಿಸಿನ ಜ್ಞಾಪಕವಲ್ಲ, ದೋಷದ ಸೂಚನೆ. ಕಾರಣ ಹುಡುಕದೆ ಅದನ್ನು ಸ್ಕ್ಯಾನರಿನಿಂದ ಅಳಿಸುವುದೆಂದರೆ ಕಾಯಿಲೆಯ ಚೀಟಿಯನ್ನು ಹರಿದು ಹಾಕಿದಂತೆ. ಎಣ್ಣೆ ಕಡಿಮೆಯಾಗಿದೆಯೆಂದು ಅರ್ಧ ಲೀಟರು ಮೇಲೆ ಸೇರಿಸಿದ ಮಾತ್ರಕ್ಕೆ ರೀಸೆಟ್ ಮಾಡಬಾರದು. ಗುರುತು ಬರುವ ಮೊದಲೇ ಎಣ್ಣೆ ಬದಲಾಯಿಸಿದ್ದರೆ ಮಾತ್ರ ಅಂದೇ ರೀಸೆಟ್ ಮಾಡಿ ಲೆಕ್ಕವನ್ನು ಹೊಸದಾಗಿ ಆರಂಭಿಸಬೇಕು.

ಎಣಿಸುವ ಗುಮಾಸ್ತನಿಗೆ ಲೆಕ್ಕ ಗೊತ್ತು, ಊರು ಗೊತ್ತಿಲ್ಲ. ಈಗಿನ ಬಹುಪಾಲು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು ಎಂಬ ವಿಧಿಯಿದೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ವಾರಕ್ಕೆರಡು ಸಲ ಹೋಗಿಬರುವ ಸಂಸಾರಕ್ಕೆ ವಾರದಲ್ಲಿ 180, ವರ್ಷದಲ್ಲಿ 9,360 ಕಿಲೋಮೀಟರು. ಹೆದ್ದಾರಿಯ ಓಟವೇ ಹೆಚ್ಚಾದ ಈ ಕಾರಿನಲ್ಲಿ ವರ್ಷವೂ ಕಿಲೋಮೀಟರೂ ಹೆಚ್ಚು ಕಡಿಮೆ ಒಟ್ಟಿಗೇ ಮುಗಿಯುತ್ತವೆ. ಗುಮಾಸ್ತನ ಮಾತನ್ನು ನಂಬಬಹುದು.

ಕೃಷ್ಣರಾಜನಗರದೊಳಗೇ ಶಾಲೆಗೂ ಪೇಟೆಗೂ ದಿನಕ್ಕೆ 5 ಕಿಲೋಮೀಟರು ಓಡುವ ಕಾರಿಗೆ ಮುನ್ನೂರು ದಿನದಲ್ಲಿ ಆಗುವುದು 1,500. ಈ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಆರು ವರ್ಷ ಮೀರುತ್ತದೆ. ಆದರೆ ಎಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ನಿಲ್ಲುವುದರಿಂದ ನೀರಿನ ಪಸೆಯೂ ಸುಡದ ಪೆಟ್ರೋಲೂ ಎಣ್ಣೆಯಲ್ಲೇ ಉಳಿಯುತ್ತವೆ. "ಕಾರು ಓಡೇ ಇಲ್ಲವಲ್ಲ" ಎಂಬ ಸಮಾಧಾನ ಇಲ್ಲಿ ಸಲ್ಲದು. ವರ್ಷ ತುಂಬಿದೊಡನೆ ಎಣ್ಣೆ ಬದಲಾಗಲೇಬೇಕು.

ಪಿರಿಯಾಪಟ್ಟಣದ ಕಡೆ ತಂಬಾಕಿನ ಕಾಲದಲ್ಲಿ ಹೊಲದ ದಾರಿಯ ಕೆಂಪು ಧೂಳನ್ನು ಕುಡಿದುಕೊಂಡು, ಹರಾಜು ಕೇಂದ್ರದ ಮುಂದಿನ ಸಾಲಿನಲ್ಲಿ ಎಂಜಿನ್ ಓಡುತ್ತಲೇ ನಿಲ್ಲುವ ಗಾಡಿಗಳುಂಟು. ನಿಂತಲ್ಲಿಯೇ ಗಂಟೆಗಟ್ಟಲೆ ಓಡುವ ಎಂಜಿನ್ನಿನ ಸವೆತ ಕಿಲೋಮೀಟರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಕೋಟೆಯ ಕಡೆ ಒಳರಸ್ತೆಗಳ ಧೂಳು, ಭಾರ, ಕುಲುಕಾಟ. ದಿನಕ್ಕೊಮ್ಮೆ ಮೈಸೂರಿಗೆ ಹೋಗಿಬರುವ ಬಾಡಿಗೆ ಕಾರು ದಿನಕ್ಕೆ ನೂರರಂತೆ ನೂರೇ ದಿನಗಳಲ್ಲಿ ಹತ್ತು ಸಾವಿರ ಮುಗಿಸುತ್ತದೆ. ಧೂಳು, ಬಿಡಿ ಓಟ, ನಿಂತಲ್ಲಿ ಓಟ, ಭಾರದ ಓಟ ಇವನ್ನೆಲ್ಲ ಕೈಪಿಡಿಗಳು "ಕಠಿಣ ಬಳಕೆ" ಎಂದು ಬೇರೆ ಮಾಡಿ, ಎಣ್ಣೆಗೆ ಇನ್ನೂ ಕಡಿಮೆ ಅಂತರವನ್ನು ವಿಧಿಸುವುದುಂಟು. ಅಂಥವರು ಗುರುತಿಗಾಗಿ ಕಾಯದೆ ಮೊದಲೇ ಗ್ಯಾರೇಜಿಗೆ ಹೋಗುವುದು ವಿವೇಕ.

ಹಳೆಯ ಕಾರು ಕೊಳ್ಳುವ ಸಂಸಾರಕ್ಕೆ ಈ ವಿಚಾರ ಮತ್ತಷ್ಟು ಮುಖ್ಯ. ತೊಳೆದು ಹೊಳಪು ಕೊಟ್ಟ ಕಾರಿನ ಮೀಟರಿನಲ್ಲಿ ಯಾವ ಗುರುತೂ ಇಲ್ಲ, "ಸರ್ವಿಸಿಗೆ ಇನ್ನೂ ಹತ್ತು ಸಾವಿರ ಬಾಕಿ" ಎಂದು ಬರೆದಿದೆ ಎಂದಾಗ ಮನಸ್ಸು ಹಗುರಾಗುವುದು ಸಹಜ. ಆದರೆ ಆ ಅಂಕಿಯನ್ನು ಬರೆಸಲು ಹತ್ತು ಸೆಕೆಂಡು ಸಾಕು, ಒಂದು ತೊಟ್ಟು ಎಣ್ಣೆಯೂ ಬೇಡ. ಕೇಳಬೇಕಾದುದು ಬಿಲ್ಲುಗಳನ್ನು: ಎಷ್ಟು ಕಿಲೋಮೀಟರಿಗೆ, ಯಾವ ದಿನ, ಯಾವ ದರ್ಜೆಯ ಎಣ್ಣೆ, ಎಷ್ಟು ಲೀಟರು, ಫಿಲ್ಟರು ಬದಲಾಯಿತೇ? ಬಿಲ್ಲುಗಳು ಒಂದಕ್ಕೊಂದು ಹೊಂದಿ ಬಂದರೆ ಕಾರಿನ ಚರಿತ್ರೆ ತಾನಾಗಿ ತೆರೆದುಕೊಳ್ಳುತ್ತದೆ. ಬಿಲ್ಲಿಲ್ಲದ ಕಾರನ್ನು ಕೊಂಡವರು ಮೊದಲ ವಾರದಲ್ಲೇ ಎಣ್ಣೆ, ಫಿಲ್ಟರು ಬದಲಾಯಿಸಿ, ಲೆಕ್ಕವನ್ನು ತಾವೇ ಹೊಸದಾಗಿ ಆರಂಭಿಸುವುದು ಉಚಿತ.

ಇಳಿಸಿದ ಹಳೆಯ ಎಣ್ಣೆಯ ಗತಿಯನ್ನೂ ವಿಚಾರಿಸಬೇಕು. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮನೆಯಲ್ಲೇ ಎಣ್ಣೆ ಬದಲಾಯಿಸುವ ಉತ್ಸಾಹಿಗಳು ಅದನ್ನು ಚರಂಡಿಗೆ ಸುರಿದರೆ, ಮಳೆಯ ನೀರಿನೊಡನೆ ಹುಣಸೂರಿನದು ಲಕ್ಷ್ಮಣತೀರ್ಥಕ್ಕೆ, ಕೃಷ್ಣರಾಜನಗರದ್ದು ಕಾವೇರಿಗೆ, ಕೋಟೆಯದು ಕಬಿನಿಗೆ ಹರಿಯುವ ಸಂಭವವುಂಟು. ಹಳೆಯ ಡಬ್ಬಿಯಲ್ಲೇ ತುಂಬಿ, ಬಳಸಿದ ಎಣ್ಣೆಯನ್ನು ಪುನಃ ಶುದ್ಧಿಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸುವುದು ಸರಿಯಾದ ದಾರಿ.

ಕೊನೆಯದಾಗಿ, ಕಾರಿನ ಡಬ್ಬಿಯಲ್ಲಿ ಕೈಪಿಡಿಯ ಜೊತೆಗೆ ಒಂದು ಸಣ್ಣ ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಇಟ್ಟಿರಬೇಕು. ಎಣ್ಣೆ ಬದಲಾದ ದಿನ ತಾರೀಖು, ಮೀಟರಿನ ಅಂಕಿ, ಎಣ್ಣೆಯ ದರ್ಜೆ, ಲೀಟರು, ಫಿಲ್ಟರು ಎಂದು ಒಂದು ಸಾಲು ಬರೆದು, ಬಿಲ್ಲನ್ನು ಅದೇ ಪುಟಕ್ಕೆ ಸಿಕ್ಕಿಸಿ, ಆಮೇಲೆ ರೀಸೆಟ್ ಮಾಡಿ, "ರೀಸೆಟ್ ಆಯಿತು" ಎಂದು ಪಕ್ಕದಲ್ಲಿ ಗುರುತು ಹಾಕಬೇಕು. ಆಗ ಸ್ಪ್ಯಾನರಿನ ಗುರುತು ಮಾರನೆಯ ದಿನವೇ ಮತ್ತೆ ಕಾಣಿಸಿಕೊಂಡರೂ ಮೆಕ್ಯಾನಿಕ್ಕನನ್ನು ಅನುಮಾನಿಸುವ ಮೊದಲು ತೆರೆದು ನೋಡಲು ಮನೆಯಲ್ಲೊಂದು ದಾಖಲೆಯಿರುತ್ತದೆ. ಅವನು ನಿಜವಾಗಿಯೂ ಎಣ್ಣೆ ಬದಲಾಯಿಸದೆ ಬಿಟ್ಟಿದ್ದರೆ, ಬರೆಯಲು ಹೋದ ಆ ಸಾಲಿನಲ್ಲೇ ಅದು ಸಿಕ್ಕಿಬೀಳುತ್ತದೆ.